ಹಳೆ ಫೋರ್ಡ್ 8ಎನ್ ಟ್ರ್ಯಾಕ್ಟರ್: ಕಿಟ್ ಹಾಕಿದ ಕಾರ್ಬೊರೇಟರ್‌ನ ಟ್ಯೂನಿಂಗ್ ಮಾಡುವುದು ಹೇಗೆ?

ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರನ್ನು ಬಿಚ್ಚಿ ತೊಳೆದು, ಗ್ಯಾಸ್ಕೆಟ್, ಸೂಜಿಗಳಿರುವ ಹೊಸ ರಿಪೇರಿ ಕಿಟ್ ಹಾಕಿ ಕೂರಿಸಿದ್ದೀರಿ. ಟ್ರ್ಯಾಕ್ಟರ್ ಸ್ಟಾರ್ಟ್ ಕೂಡ ಆಯ್ತು. ಆದರೆ ಐಡ್ಲಿಂಗ್, ಅಂದರೆ ಥ್ರಾಟಲ್ ಕೊಡದೆ ಇಂಜಿನ್ ಸುಮ್ಮನೆ ಓಡುವುದು, ಒಂದೇ ಸಮ ಇರುತ್ತಿಲ್ಲ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ಚೋಕ್ ಒಳಗೆ ತಳ್ಳಿದರೆ ಆಫ್ ಆಗುತ್ತದೆ. ಲೋಡ್ ಬಿದ್ದರೆ ಇಂಜಿನ್ ಕೆಮ್ಮುತ್ತದೆ. ಇಲ್ಲಿಂದ ಮುಂದಿನ ಕೆಲಸವನ್ನು ಈ ಬರಹದಲ್ಲಿ ಹೇಳುತ್ತೇನೆ. ಸ್ಕ್ರೂಗಳನ್ನು ಯಾವ ಕ್ರಮದಲ್ಲಿ, ಎಷ್ಟು ತಿರುಗಿಸಬೇಕು ಅನ್ನುವುದಕ್ಕಿಂತ ಮೊದಲು, ಸ್ಕ್ರೂ ಮುಟ್ಟುವ ಮುಂಚೆ ಏನೇನು ಸರಿ ಇರಬೇಕು ಅನ್ನುವುದೇ ದೊಡ್ಡ ವಿಷಯ. ಅದಕ್ಕೇ ಆ ಭಾಗ ಇಲ್ಲಿ ಉದ್ದವಾಗಿದೆ.

ಫೋರ್ಡ್ 8ಎನ್ ಟ್ರ್ಯಾಕ್ಟರನ್ನೇ ಆರಿಸಿಕೊಳ್ಳಲು ಕಾರಣ ಇದೆ. 1947ರಿಂದ 1952ರವರೆಗೆ ಅಮೆರಿಕದ ಮಿಷಿಗನ್ ರಾಜ್ಯದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಇದನ್ನು 5 ಲಕ್ಷಕ್ಕೂ ಹೆಚ್ಚು ತಯಾರಿಸಿದರು. ಅಲ್ಲಿನ ಸಣ್ಣ ತೋಟಗಳಲ್ಲಿ ಈಗಲೂ ಹುಲ್ಲು ಕತ್ತರಿಸುತ್ತ, ಹಿಮ ಸರಿಸುತ್ತ ದುಡಿಯುತ್ತಿವೆ. ಬಿಡಿಭಾಗ ಸಿಗುತ್ತದೆ, ಬೆಲೆಯೂ ಕೈಗೆಟಕುತ್ತದೆ. ಹಾಗಾಗಿ ಅಲ್ಲಿ ನಾಲ್ಕೈದು ಎಕರೆ ಮಾಡಿಕೊಂಡ ಕನ್ನಡಿಗರೂ ಧೈರ್ಯವಾಗಿ ಇದನ್ನು ಇಟ್ಟುಕೊಳ್ಳಬಹುದು. ನಮ್ಮ ಊರುಗಳ ಟ್ರ್ಯಾಕ್ಟರ್ ಡೀಸೆಲ್‌ನವು, ಅವಕ್ಕೆ ಕಾರ್ಬೊರೇಟರ್ ಇರುವುದಿಲ್ಲ. ಆದರೆ ಹಳೆ ಸ್ಕೂಟರ್, ಬೈಕ್‌ಗಳ ಐಡ್ಲಿಂಗ್ ಮನೆಯಲ್ಲೇ ಕೂರಿಸಿಕೊಂಡವರಿಗೆ ಇಲ್ಲಿನ ಅರ್ಧ ವಿಷಯ ಈಗಾಗಲೇ ಗೊತ್ತಿರುತ್ತದೆ. ಇದರ ಅಣ್ಣಂದಿರಾದ 9ಎನ್ ಮತ್ತು 2ಎನ್ ಮಾಡೆಲ್‌ಗಳಿಗೂ ಇದೇ ಕ್ರಮ ನಡೆಯುತ್ತದೆ.

ಮೊದಲು ಮೂರು ಸ್ಕ್ರೂಗಳ ಪರಿಚಯ

8ಎನ್‌ಗೆ ಬರುವುದು ಮಾರ್ವೆಲ್-ಶೆಬ್ಲರ್ ಕಂಪನಿಯ ಟಿಎಸ್‌ಎಕ್ಸ್ ಕಾರ್ಬೊರೇಟರ್. ಇದು ಸಿಲಿಂಡರ್‌ಗಳಿಗೆ ಮಿಶ್ರಣ ಹಂಚುವ ಪೈಪಾದ ಮ್ಯಾನಿಫೋಲ್ಡ್‌ನ ಕೆಳಗೆ ನೇತಾಡುತ್ತದೆ. ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಇಂಜಿನ್‌ಗೆ ಎಷ್ಟು ಮಿಶ್ರಣ ಹೋಗಬೇಕು ಅಂತ ಹಿಡಿತದಲ್ಲಿಡುವ ಥ್ರಾಟಲ್ ತಟ್ಟೆ ಮೇಲಿನ ಭಾಗದಲ್ಲಿ, ಚೋಕ್ ಮತ್ತು ಪೆಟ್ರೋಲ್ ನಿಲ್ಲುವ ಬೌಲ್ ಕೆಳಗಿನ ಭಾಗದಲ್ಲಿ ಇರುತ್ತವೆ. ಪೆಟ್ರೋಲ್ ಪಂಪ್ ಇಲ್ಲ. ಇಂಜಿನ್ ಮೇಲೆ ಕೂತಿರುವ ಟ್ಯಾಂಕಿನಿಂದ ತಾನಾಗಿಯೇ ಇಳಿದು ಬರುತ್ತದೆ.

ಮೊದಲನೆಯದು ಥ್ರಾಟಲ್ ಸ್ಟಾಪ್ ಸ್ಕ್ರೂ. ಥ್ರಾಟಲ್ ತೋಳು ಮುಚ್ಚಿದಾಗ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವುದು ಇದು. ಐಡ್ಲಿಂಗ್ ವೇಗವನ್ನು ಇದರಿಂದಲೇ ಹಿಡಿಯುವುದು.

ಎರಡನೆಯದು ಐಡಲ್ ಮಿಕ್ಸ್ಚರ್ ಸೂಜಿ. ಮೇಲಿನ ಭಾಗದಲ್ಲಿ, ಸ್ಪ್ರಿಂಗ್ ಹಾಕಿದ ಸಣ್ಣ ಸ್ಕ್ರೂ. ಈ ಸೂಜಿ ಹಿಡಿತದಲ್ಲಿಟ್ಟಿರುವುದು ಗಾಳಿಯನ್ನು, ಪೆಟ್ರೋಲನ್ನಲ್ಲ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಜಾಸ್ತಿ. ಹೊರಗೆ ತಿರುಗಿಸಿದರೆ ಲೀನ್, ಅಂದರೆ ಗಾಳಿಯ ಪಾಲು ಜಾಸ್ತಿ.

ಮೂರನೆಯದು ಮೈನ್ ಜೆಟ್ ಸೂಜಿ. ಇದು ಕೆಳಗಿನ ಭಾಗದ್ದು, ಐಡಲ್ ಸೂಜಿಗಿಂತ ದೊಡ್ಡದು. ಕೆಲಸದ ವೇಗದಲ್ಲಿ, ಲೋಡ್‌ನಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕು ಅನ್ನುವುದು ಇದರ ಕೈಯಲ್ಲಿ. ಇದರ ಲೆಕ್ಕ ಉಲ್ಟಾ. ಒಳಗೆ ತಿರುಗಿಸಿದರೆ ಲೀನ್, ಹೊರಗೆ ತಿರುಗಿಸಿದರೆ ರಿಚ್. ಎರಡು ಸೂಜಿಗಳ ದಿಕ್ಕು ಬೇರೆ ಬೇರೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್‌ಗೆ ಅಂಟಿಸಿಕೊಳ್ಳಿ. ತುಂಬ ಜನ ಗಂಟೆಗಟ್ಟಲೆ ಒದ್ದಾಡುವುದು ಇಲ್ಲೇ.

ನಿಮ್ಮ ಟ್ರ್ಯಾಕ್ಟರ್‌ಗೆ ಯಾರೋ ಬೇರೆ ಕಂಪನಿಯ ಕಾರ್ಬೊರೇಟರ್ ಹಾಕಿದ್ದರೆ ಈ ದಿಕ್ಕು ಬದಲಾಗಬಹುದು. ಐಡಲ್ ಸೂಜಿ ಥ್ರಾಟಲ್ ತಟ್ಟೆಗಿಂತ ಇಂಜಿನ್ ಕಡೆಗಿದ್ದರೆ ಅದು ಸಾಮಾನ್ಯವಾಗಿ ಮಿಶ್ರಣವನ್ನೇ ಬಿಡುವ ಸ್ಕ್ರೂ. ಹೊರಗೆ ತಿರುಗಿಸಿದರೆ ರಿಚ್ ಆಗುತ್ತದೆ. ಗಾಳಿ ಬರುವ ಕಡೆಗಿದ್ದರೆ ಅದು ಏರ್ ಸ್ಕ್ರೂ.

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ

ಕಾರ್ಬೊರೇಟರ್‌ನ ತಪ್ಪು ಅಂತ ಹೇಳುವ ತೊಂದರೆಗಳಲ್ಲಿ ಬಹಳಷ್ಟು ಬೇರೆ ಕಡೆಯಿಂದ ಬಂದಿರುತ್ತವೆ. ಪೆಟ್ರೋಲ್ ಸರಿಯಾಗಿ ಇಳಿಯದ, ಸ್ಪಾರ್ಕ್ ದುರ್ಬಲವಾದ, ಎಲ್ಲೋ ಗಾಳಿ ಎಳೆಯುವ ಇಂಜಿನ್‌ನಲ್ಲಿ ಸೂಜಿ ಎಷ್ಟು ತಿರುಗಿಸಿದರೂ ಅಷ್ಟೇ. ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದ ಹಾಗೆ ಆಗುತ್ತದೆ. ಹಾಗಾಗಿ ಟ್ಯೂನಿಂಗ್ ಯಾವಾಗಲೂ ಕೊನೆಯ ಕೆಲಸ.

ಸುರಕ್ಷತೆ ಮೊದಲು. ಟ್ಯಾಂಕ್ ಇಂಜಿನ್ ಮೇಲೆಯೇ ಇದೆ, ಕಾರ್ಬೊರೇಟರ್ ಪಕ್ಕದಲ್ಲೇ ಬಿಸಿ ಎಕ್ಸಾಸ್ಟ್ ಇದೆ. ಪೆಟ್ರೋಲ್ ಚೆಲ್ಲುವ ಕೆಲಸವನ್ನೆಲ್ಲ ತಣ್ಣಗಿನ ಇಂಜಿನ್‌ನಲ್ಲೇ ಮಾಡಿ. ಬೀಡಿ, ಸಿಗರೇಟು ದೂರ ಇರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಇಂಜಿನ್ ಓಡಿಸುವುದು ಬಯಲಿನಲ್ಲೇ. ಮುಚ್ಚಿದ ಶೆಡ್‌ನಲ್ಲಿ ಓಡಿಸಿದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಗೇರ್ ನ್ಯೂಟ್ರಲ್, ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು, ಪಿಟಿಒ (ಹಿಂದೆ ಹಾಕಿದ ಉಪಕರಣವನ್ನು ತಿರುಗಿಸುವ ಶಾಫ್ಟ್) ಆಫ್. ಫ್ಯಾನ್ ಹತ್ತಿರ ಸಡಿಲ ತೋಳಿನ ಅಂಗಿ, ಶಾಲು ಬೇಡ.

ಈಗ ಪೆಟ್ರೋಲ್ ಹರಿವಿನ ಪರೀಕ್ಷೆ. ಇದಕ್ಕೆ ಬೇಕಾಗಿರುವುದು ಒಂದು ಗಾಜಿನ ಜಾರ್ ಮತ್ತು ಒಂದು ಸ್ಪ್ಯಾನರ್ ಮಾತ್ರ. ಬೌಲ್‌ನ ತಳದಲ್ಲಿ ಡ್ರೈನ್ ಪ್ಲಗ್ ಇದೆ. ಅದರ ಕೆಳಗೆ ಜಾರ್ ಹಿಡಿದು ಪ್ಲಗ್ ಬಿಚ್ಚಿ, ಟ್ಯಾಂಕಿನ ವಾಲ್ವ್ ತೆರೆಯಿರಿ. ಬೌಲ್‌ನಲ್ಲಿ ನಿಂತಿದ್ದ ಪೆಟ್ರೋಲ್ ಮೊದಲು ಜೋರಾಗಿ ಬರುತ್ತದೆ. ಅದನ್ನು ನೋಡಿ ಸಮಾಧಾನಪಟ್ಟು ಪ್ಲಗ್ ಹಾಕಿಬಿಡಬೇಡಿ. ಪೂರ್ತಿ ಎರಡು ನಿಮಿಷ ಬಿಡಿ. ಧಾರೆ ಒಂದೇ ಸಮ ಇರಬೇಕು, ಅಷ್ಟರಲ್ಲಿ ಸುಮಾರು ಅರ್ಧ ಲೀಟರ್ ಬಂದಿರಬೇಕು. ಅರ್ಧ ನಿಮಿಷ ಕಳೆದ ಮೇಲೆ ಧಾರೆ ನೂಲಿನಷ್ಟು ಸಣ್ಣದಾದರೆ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ. ಆಗ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ನೋಡಿ. ಧಾರೆ ಮತ್ತೆ ಜೋರಾದರೆ ಮುಚ್ಚಳದಲ್ಲಿನ ಗಾಳಿಯ ತೂತು ಕಟ್ಟಿದೆ. ಜೋರಾಗದಿದ್ದರೆ ಜಾಲರಿಗಳನ್ನು ನೋಡಬೇಕು. ಜಾಲರಿ ಮೂರು ಇವೆ. ಒಂದು ಟ್ಯಾಂಕಿನ ಒಳಗೆ ವಾಲ್ವ್‌ನ ತುದಿಯಲ್ಲಿ, ಇನ್ನೊಂದು ಟ್ಯಾಂಕಿನ ಕೆಳಗೆ ಕೊಳೆ ನಿಲ್ಲಲು ಇರುವ ಗಾಜಿನ ಬಟ್ಟಲಿನ ಮೇಲೆ, ಮೂರನೆಯದು ಕಾರ್ಬೊರೇಟರ್‌ಗೆ ಸೇರುವ ಹಿತ್ತಾಳೆ ಮೂಲೆಪೈಪಿನಲ್ಲಿ. ಈ ಮೂರನೆಯದು ಇದೆ ಅಂತಲೇ ಅನೇಕರಿಗೆ ಗೊತ್ತಿರುವುದಿಲ್ಲ. ಕಿಟ್ ಹಾಕುವಾಗಲೂ ಅದನ್ನು ಬಿಟ್ಟಿರುತ್ತಾರೆ.

ಜಾರನ್ನು ಐದು ನಿಮಿಷ ಅಲ್ಲಾಡಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಗುಂಡಗಿನ ಹನಿಗಳು ಕಂಡರೆ ನೀರು, ಕಂದು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ತುಕ್ಕು ಬರುತ್ತಿದ್ದರೆ ಈಗಷ್ಟೇ ತೊಳೆದ ಜೆಟ್ ವಾರದೊಳಗೆ ಮತ್ತೆ ಕಟ್ಟುತ್ತದೆ. ಮೊದಲು ಟ್ಯಾಂಕ್ ತೊಳೆಯಿರಿ.

ಟ್ಯಾಂಕ್ ವಾಲ್ವ್ ವಿಷಯ ಇನ್ನೊಂದು. 8ಎನ್‌ನಲ್ಲಿ ಅದನ್ನು ಎರಡು ಸುತ್ತು ಮಾತ್ರ ತೆರೆಯಬೇಕು. ಪೂರ್ತಿ ತೆರೆದರೆ ರಿಸರ್ವ್ ಪೆಟ್ರೋಲೂ ಖರ್ಚಾಗುತ್ತದೆ, ತಳದ ಕೊಳೆಯೂ ಇಳಿದು ಬರುತ್ತದೆ.

ಆಮೇಲೆ ಸ್ಪಾರ್ಕ್. ಇಂಜಿನ್ ಮುಂಭಾಗದಲ್ಲಿ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಭಾಗ) ಇರುವ ಹಳೆಯ 8ಎನ್‌ಗಳಿಗೆ ಪಾಯಿಂಟ್ ಗ್ಯಾಪ್, ಅಂದರೆ ಅದರೊಳಗಿನ ಸ್ವಿಚ್‌ನಂಥ ಸಂಪರ್ಕಗಳ ನಡುವಿನ ಸಂದು, 0.015 ಇಂಚು. 1950ರಿಂದ ಈಚೆಗೆ ಪಕ್ಕದಲ್ಲಿ ಡಿಸ್ಟ್ರಿಬ್ಯೂಟರ್ ಬಂದವಕ್ಕೆ 0.025 ಇಂಚು. ಸ್ಪಾರ್ಕ್ ಪ್ಲಗ್ ಗ್ಯಾಪ್ 0.025ರಿಂದ 0.028 ಇಂಚು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಸ್ಪಾರ್ಕ್ ಬೀಳುವ ಕ್ರಮ, 1-2-4-3. ಮೂಲ ಗಾಡಿ 6 ವೋಲ್ಟ್‌ನದು, ಬ್ಯಾಟರಿಯ ಪ್ಲಸ್ ವೈರ್ ಗಾಡಿಯ ಲೋಹದ ಮೈಗೆ ಹೋಗುತ್ತದೆ. ಇದು ಗೊತ್ತಿಲ್ಲದೆ ಉಲ್ಟಾ ಕೊಟ್ಟರೆ ಬೇರೆಯದೇ ತೊಂದರೆ ಶುರುವಾಗುತ್ತದೆ.

ಗಾಳಿ ಸೋರಿಕೆ ನೋಡಲು ಸುಲಭ ದಾರಿ ಇದೆ. ಥ್ರಾಟಲ್ ಶಾಫ್ಟ್ ಹಿಡಿದು ಅಲ್ಲಾಡಿಸಿ. ಕೈಗೆ ಆಟ ಸಿಕ್ಕಿದರೆ ಅಲ್ಲಿಂದ ಗಾಳಿ ಎಳೆಯುತ್ತಿರಬಹುದು. ಇಂಜಿನ್ ಸ್ಟಾರ್ಟ್ ಮಾಡಿದ ಹೊಸತರಲ್ಲಿ, ಮ್ಯಾನಿಫೋಲ್ಡ್ ಬಿಸಿಯಾಗುವ ಮುಂಚೆ, ಶಾಫ್ಟ್‌ನ ಬುಡಕ್ಕೆ ದಪ್ಪ ಇಂಜಿನ್ ಆಯಿಲ್ ಒಂದು ಹನಿ ಬಿಡಿ. ಒಂದು ಕ್ಷಣ ಇಂಜಿನ್ ಸದ್ದು ಬದಲಾದರೆ ಸೋರಿಕೆ ಖಚಿತ. ಕೆಲವರು ಉರಿಯುವ ಸ್ಪ್ರೇ ಹೊಡೆದು ನೋಡುತ್ತಾರೆ. ಇಲ್ಲಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವುದರಿಂದ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಗಾಳಿಯ ಧೂಳನ್ನು ಆಯಿಲ್‌ನಲ್ಲಿ ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರ್‌ನ ಬಟ್ಟಲು ಬಿಚ್ಚಿ ತೊಳೆದು, ಗುರುತಿನ ತನಕ ಹೊಸ ಆಯಿಲ್ ಹಾಕಿ. ಏರ್ ಕ್ಲೀನರ್ ತೆಗೆದಿಟ್ಟು ಟ್ಯೂನಿಂಗ್ ಮಾಡಿದರೆ, ಹಾಕಿದ ಮೇಲೆ ಲೆಕ್ಕವೆಲ್ಲ ಬದಲಾಗುತ್ತದೆ.

ಕೊನೆಯದಾಗಿ ಗವರ್ನರ್, ಅಂದರೆ ಲೋಡ್‌ಗೆ ತಕ್ಕಂತೆ ಥ್ರಾಟಲ್ ತೆರೆದು ಮುಚ್ಚಿ ವೇಗವನ್ನು ಒಂದೇ ಸಮ ಇಡುವ ಭಾಗ. ಇಂಜಿನ್ ಆಫ್ ಇರುವಾಗ ಕೈ ಥ್ರಾಟಲನ್ನು ಪೂರ್ತಿ ವೇಗಕ್ಕೆ ಎಳೆಯಿರಿ. ಕಾರ್ಬೊರೇಟರ್‌ನ ಥ್ರಾಟಲ್ ತೋಳು ಪೂರ್ತಿ ತೆರೆದು ನಿಲ್ಲಬೇಕು. ಪೂರ್ತಿ ತೆರೆಯದಿದ್ದರೆ ಗವರ್ನರ್‌ನಿಂದ ಬರುವ ರಾಡಿನ ಉದ್ದ ಸರಿಪಡಿಸಿ. ರಾಡ್ ಎಲ್ಲೂ ಸಿಕ್ಕಿಹಾಕಿಕೊಳ್ಳದೆ ಸಲೀಸಾಗಿ ಆಡಬೇಕು.

ಕಿಟ್ ಹಾಕಿದಾಗ ನೋಡಬೇಕಿದ್ದದ್ದು

ಕಾರ್ಬೊರೇಟರ್ ಇನ್ನೂ ಮೇಜಿನ ಮೇಲೆ ಇದ್ದರೆ ಒಳ್ಳೆಯದಾಯ್ತು. ಮೇಲಿನ ಭಾಗವನ್ನು ತಲೆಕೆಳಗಾಗಿ ಹಿಡಿದರೆ ಫ್ಲೋಟ್, ಅಂದರೆ ಬೌಲ್‌ನ ಪೆಟ್ರೋಲ್ ಮೇಲೆ ತೇಲಿ ಅದರ ಮಟ್ಟ ಹಿಡಿಯುವ ಭಾಗ, ತನ್ನ ಭಾರಕ್ಕೆ ಕೂರುತ್ತದೆ. ಗ್ಯಾಸ್ಕೆಟ್‌ನಿಂದ ಫ್ಲೋಟ್‌ಗೆ ಇರುವ ಅಂತರ 1/4 ಇಂಚು, ಅಂದರೆ 6 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇರಬೇಕು. ಫ್ಲೋಟ್‌ನ ಎರಡೂ ಗುಂಡು ಒಂದೇ ಮಟ್ಟದಲ್ಲಿರಲಿ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತಾಗಿದೆ, ಬದಲಾಯಿಸಿ.

ಮೈನ್ ನಾಜಲ್‌ನ (ಪೆಟ್ರೋಲ್ ಗಾಳಿಗೆ ಚಿಮ್ಮುವ ನಳಿಕೆ) ಬುಡಕ್ಕೆ ಒಂದು ಪುಟ್ಟ ಗ್ಯಾಸ್ಕೆಟ್ ಬರುತ್ತದೆ. ಕಿಟ್‌ನ ಕವರಿನಲ್ಲೇ ಅದು ಉಳಿದುಬಿಡುವುದುಂಟು. ಅದಿಲ್ಲದಿದ್ದರೆ ಪೆಟ್ರೋಲ್ ಜೆಟ್ ತಪ್ಪಿಸಿಕೊಂಡು ನುಗ್ಗುತ್ತದೆ, ಮೈನ್ ಸೂಜಿ ಪೂರ್ತಿ ಮುಚ್ಚಿದರೂ ಕಪ್ಪು ಹೊಗೆ ನಿಲ್ಲುವುದಿಲ್ಲ.

ಸೂಜಿಗಳ ತುದಿಯನ್ನು ಬಿಸಿಲಿಗೆ ಹಿಡಿದು, ಉಗುರು ಆಡಿಸಿ ನೋಡಿ. ತುದಿ ಹೊಸದಾಗಿ ಹೆರೆದ ಪೆನ್ಸಿಲ್ ಮೊನೆಯಂತೆ ನುಣುಪಾಗಿ ಇಳಿಜಾರಾಗಿರಬೇಕು. ಮಧ್ಯದಲ್ಲಿ ಬಳೆಯ ಗುರುತಿನ ಹಾಗೆ ಒಂದು ತಗ್ಗು ಉಗುರಿಗೆ ಸಿಕ್ಕಿದರೆ, ಹಿಂದೆ ಯಾರೋ ಅದನ್ನು ಬಲವಾಗಿ ಬಿಗಿದಿದ್ದಾರೆ. ಅಂಥ ಸೂಜಿಯಲ್ಲಿ ಸೂಕ್ಷ್ಮವಾಗಿ ಹೊಂದಿಸಲು ಆಗುವುದಿಲ್ಲ. ಹೊಸದು ಹಾಕಿ.

ಶುರುವಿನ ಅಳತೆ

ಎರಡೂ ಸೂಜಿಗಳನ್ನು ಬೆರಳಿನಲ್ಲೇ ನಿಧಾನವಾಗಿ ಒಳಗೆ ತಿರುಗಿಸಿ. ತಳ ತಾಗಿದ ಕೂಡಲೇ ನಿಲ್ಲಿಸಿ. ಸ್ಕ್ರೂಡ್ರೈವರ್‌ನಿಂದ ಟೈಟ್ ಮಾಡಲೇಬೇಡಿ. ಅಲ್ಲಿಂದ ಐಡಲ್ ಸೂಜಿ ಒಂದು ಸುತ್ತು ಹೊರಗೆ. ಮೈನ್ ಸೂಜಿ ಒಂದರಿಂದ ಒಂದೂವರೆ ಸುತ್ತು ಹೊರಗೆ. ಸ್ಟಾಪ್ ಸ್ಕ್ರೂ ಥ್ರಾಟಲ್ ತೋಳಿಗೆ ತಾಗಿದ ಮೇಲೆ ಒಂದೂವರೆ ಸುತ್ತು ಒಳಗೆ ಕೊಡಿ. ಇದು ಇಂಜಿನ್ ಸ್ಟಾರ್ಟ್ ಆಗಲು ಸಾಕಾಗುವ ಅಳತೆ. ಅಂತಿಮ ಅಳತೆ ನಿಮ್ಮ ಇಂಜಿನ್ನೇ ಹೇಳುತ್ತದೆ.

ಚೋಕ್ ಎಳೆದು ಸ್ಟಾರ್ಟ್ ಮಾಡಿ, ಇಂಜಿನ್ ಹಿಡಿದುಕೊಂಡಂತೆ ಚೋಕ್ ನಿಧಾನಕ್ಕೆ ಒಳಗೆ ತಳ್ಳಿ. ಜಾಸ್ತಿ ಹೊತ್ತು ಚೋಕ್ ಎಳೆದು ತಿರುಗಿಸಿದರೆ ಗಾಳಿ ಬಾಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಕೆಳಗಿನಿಂದ ಎಳೆಯುವ ಕಾರ್ಬೊರೇಟರ್‌ಗಳಲ್ಲಿ ಇದು ಸಹಜ. ಆದರೆ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಆದರೂ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ವಾಲ್ವ್ ಹಿಡಿಯುತ್ತಿಲ್ಲ. ಅದನ್ನು ಸರಿಮಾಡದೆ ಮುಂದಕ್ಕೆ ಹೋಗಬೇಡಿ.

ಈಗ ಇಂಜಿನನ್ನು ಮಧ್ಯಮ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ರೇಡಿಯೇಟರ್‌ನ ಮೇಲಿನ ಹೋಸ್ ಚೆನ್ನಾಗಿ ಬಿಸಿಯಾಗಬೇಕು, ಚೋಕ್ ಪೂರ್ತಿ ತೆರೆದಿರಬೇಕು. ತಣ್ಣಗಿನ ಇಂಜಿನ್‌ಗೆ ರಿಚ್ ಮಿಶ್ರಣ ಬೇಕು. ಆಗ ಮಾಡಿದ ಟ್ಯೂನಿಂಗ್ ಬಿಸಿಯಾದ ಮೇಲೆ ಕೆಲಸಕ್ಕೆ ಬರುವುದಿಲ್ಲ.

ಐಡ್ಲಿಂಗ್

ಕೈ ಥ್ರಾಟಲ್ ಪೂರ್ತಿ ಕೆಳ ವೇಗಕ್ಕೆ ತನ್ನಿ. ಥ್ರಾಟಲ್ ತೋಳು ನಿಜವಾಗಿಯೂ ಸ್ಟಾಪ್ ಸ್ಕ್ರೂಗೆ ಕೂತಿದೆಯಾ ಅಂತ ಬೆರಳಿನಿಂದ ಒತ್ತಿ ನೋಡಿ. ಕೂತಿಲ್ಲದಿದ್ದರೆ ಗವರ್ನರ್ ರಾಡ್ ಅದನ್ನು ಎಳೆದು ಹಿಡಿದಿದೆ. ನೀವು ಸ್ಕ್ರೂ ತಿರುಗಿಸಿದರೂ ಏನೂ ಆಗುವುದಿಲ್ಲ.

ಸ್ಟಾಪ್ ಸ್ಕ್ರೂನಿಂದ ಇಂಜಿನ್ ಸುಮಾರು 500 ಆರ್‌ಪಿಎಂನಲ್ಲಿ ನಿಲ್ಲುವಂತೆ ಮಾಡಿ. ಮೀಟರ್ ಇಲ್ಲದ ಗಾಡಿಯಾದರೆ ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿ ಲೇಸರ್ ಟ್ಯಾಕೋಮೀಟರ್‌ನಲ್ಲಿ ಅಳೆಯಿರಿ. ಸ್ಟಿಕ್ಕರ್ ಅಂಟಿಸುವುದು ಇಂಜಿನ್ ಆಫ್ ಇರುವಾಗ.

ಐಡಲ್ ಸೂಜಿಯನ್ನು 1/8 ಸುತ್ತು ಹೊರಗೆ ತಿರುಗಿಸಿ, ಹತ್ತು ಸೆಕೆಂಡ್ ಕಾಯಿರಿ. ಈ ಇಂಜಿನ್‌ಗಳು ಬದಲಾವಣೆಗೆ ತಡವಾಗಿ ಮಾತಾಡುತ್ತವೆ. ಹೀಗೇ ಮುಂದುವರಿದರೆ ಒಂದು ಹಂತದಲ್ಲಿ ಇಂಜಿನ್ ನಡುಗಲು, ಮಿಸ್ ಹೊಡೆಯಲು ಶುರುವಾಗುತ್ತದೆ. ಅದು ಲೀನ್‌ನ ಅಂಚು. ಈಗ ಅದೇ ರೀತಿ ನಿಧಾನವಾಗಿ ಒಳಗೆ ಬನ್ನಿ. ಸದ್ದು ನುಣುಪಾಗುತ್ತದೆ, ವೇಗ ಏರುತ್ತದೆ. ಇನ್ನೂ ಒಳಗೆ ಹೋದರೆ ಭಾರವಾದ, ಉರುಳುವಂಥ ಸದ್ದು ಬಂದು ವೇಗ ಇಳಿಯುತ್ತದೆ. ಅದು ರಿಚ್‌ನ ಅಂಚು. ಈ ಎರಡರ ನಡುವೆ ವೇಗ ಎಲ್ಲಿ ಅತಿ ಹೆಚ್ಚೋ ಅಲ್ಲಿ ಸೂಜಿ ಬಿಡಿ. ಅನುಮಾನ ಇದ್ದರೆ ಸ್ವಲ್ಪ ರಿಚ್ ಕಡೆಗೇ ಇರಲಿ. ಆಮೇಲೆ ಸ್ಟಾಪ್ ಸ್ಕ್ರೂ ಸಡಿಲಿಸಿ 400ರಿಂದ 450 ಆರ್‌ಪಿಎಂಗೆ ಇಳಿಸಿ. ವೇಗ ಇಳಿದಾಗ ಮಿಶ್ರಣವೂ ಸ್ವಲ್ಪ ಬದಲಾಗುತ್ತದೆ, ಅದಕ್ಕೆ ಸೂಜಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಸೂಜಿ ತಿರುಗಿಸಿದರೂ ಇಂಜಿನ್‌ಗೆ ಏನೂ ಗೊತ್ತಾಗದಿದ್ದರೆ? ಸ್ಟಾಪ್ ಸ್ಕ್ರೂ ತೀರಾ ಒಳಗಿದ್ದು ಥ್ರಾಟಲ್ ತಟ್ಟೆ ಜಾಸ್ತಿ ತೆರೆದಿದೆಯಾ ನೋಡಿ. ಹಾಗಿಲ್ಲದಿದ್ದರೆ ಐಡಲ್ ದಾರಿಯ ಸಣ್ಣ ತೂತು ಕಟ್ಟಿದೆ. ಇದಕ್ಕೆ ಟ್ಯೂನಿಂಗ್ ಮದ್ದಲ್ಲ. ಬಿಚ್ಚಿ ಮತ್ತೆ ತೊಳೆದು ಗಾಳಿ ಹೊಡೆಯಬೇಕು.

ಮೈನ್ ಜೆಟ್: ಲೋಡ್ ಇಲ್ಲದೆ ಮುಗಿಯುವುದಿಲ್ಲ

ಥ್ರಾಟಲ್ ಎಳೆದು ಇಂಜಿನನ್ನು 1500 ಆರ್‌ಪಿಎಂ ಆಸುಪಾಸಿಗೆ ತನ್ನಿ. 8ಎನ್‌ನಲ್ಲಿ ಪಿಟಿಒ ಕೆಲಸಕ್ಕೆ ಬೇಕಾದ ವೇಗವೂ ಇದೇ. ಮೈನ್ ಸೂಜಿಯನ್ನು 1/8 ಸುತ್ತಿನಂತೆ ಒಳಗೆ ತಿರುಗಿಸುತ್ತ ಹೋಗಿ. ಇಂಜಿನ್ ಏರಿಳಿಯಲು, ಅಂದರೆ ಹಂಟಿಂಗ್ ಮಾಡಲು ಶುರುವಾದ ಜಾಗದಲ್ಲಿ ನಿಲ್ಲಿ. ಈಗ ಹೊರಗೆ ತಿರುಗಿಸಿ. ಸದ್ದು ಒಂದೇ ಸಮ ಆದ ಮೇಲೆ ಇನ್ನೊಂದು 1/8 ಸುತ್ತು ಹೊರಗೆ ಕೊಡಿ.

ಈಗ ಪಿಕಪ್ ನೋಡಿ. ಥ್ರಾಟಲನ್ನು ಕೆಳ ವೇಗಕ್ಕೆ ತಂದು ಒಮ್ಮೆಲೇ ಎಳೆಯಿರಿ. ಇಂಜಿನ್ ತಡವರಿಸಿ, ಕಾರ್ಬೊರೇಟರ್‌ನಲ್ಲಿ ‘ಫಟ್’ ಅಂದು ಆಮೇಲೆ ಏರಿದರೆ ಇನ್ನೂ ಲೀನ್. 1/8 ಸುತ್ತು ಹೊರಗೆ ಕೊಟ್ಟು ಮತ್ತೆ ನೋಡಿ. ಕಪ್ಪು ಹೊಗೆ ಉಗುಳುತ್ತ ಭಾರವಾಗಿ ಏರಿದರೆ ರಿಚ್, ಅಷ್ಟೇ ಒಳಗೆ ಕೊಡಿ.

ತುಂಬ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ. ಸುಮ್ನೆ ನಿಂತು ಓಡುವ ಇಂಜಿನ್ ಕುಡಿಯುವ ಪೆಟ್ರೋಲ್ ಬಹಳ ಕಡಿಮೆ. ಮೈನ್ ಜೆಟ್‌ನ ಬಂಡವಾಳ ಗೊತ್ತಾಗುವುದು ದಪ್ಪ ಹುಲ್ಲಿನಲ್ಲಿ ಮೂವರ್ (ಹುಲ್ಲು ಕತ್ತರಿಸುವ ಯಂತ್ರ) ಓಡಿಸಿದಾಗ, ನೇಗಿಲು ಹಾಕಿದಾಗ, ಏರಿನಲ್ಲಿ ಟ್ರೇಲರ್ ಎಳೆದಾಗ. ಹಾಗಾಗಿ ಹೊಲಕ್ಕೆ ಇಳಿಸಿ. ಹತ್ತು ನಿಮಿಷ ನಿಜವಾದ ಕೆಲಸ ಕೊಡಿ. ಲೋಡ್ ಬಿದ್ದಾಗ ಗವರ್ನರ್ ಥ್ರಾಟಲ್ ತೆರೆದ ಸದ್ದು ಬರಬೇಕು, ಇಂಜಿನ್ ಗಂಟಲು ದಪ್ಪ ಮಾಡಿಕೊಂಡು ಎಳೆಯಬೇಕು. ಹಾಗಾಗದೆ ಶಕ್ತಿ ಬಿಟ್ಟುಕೊಟ್ಟು ಎಳೆದಾಡಿದರೆ ಗಾಡಿ ನಿಲ್ಲಿಸಿ, ಪಿಟಿಒ ಬಿಡಿಸಿ, ಇಳಿದು 1/8 ಸುತ್ತು ಹೊರಗೆ ಕೊಡಿ. ಓಡುವ ಮೂವರ್ ಹಿಂದಿಟ್ಟುಕೊಂಡು ಕಾರ್ಬೊರೇಟರ್‌ಗೆ ಕೈ ಹಾಕಬೇಡಿ. ಲೀನ್‌ನಲ್ಲಿ ಲೋಡ್ ಎಳೆಸುತ್ತಲೇ ಇದ್ದರೆ ಇಂಜಿನ್ ಕಾಯುತ್ತದೆ, ವಾಲ್ವ್‌ಗಳು ಸುಡುತ್ತವೆ. ಸ್ವಲ್ಪ ರಿಚ್ ಇದ್ದರೆ ಪೆಟ್ರೋಲ್ ಖರ್ಚು ಅಷ್ಟೇ.

ಸಾಕ್ಷಿ ಬೇಕಾದರೆ ಪ್ಲಗ್ ನೋಡಿ. ಲೋಡ್‌ನಲ್ಲಿ ಓಡುತ್ತಿರುವಾಗಲೇ ಕ್ಲಚ್ ಒತ್ತಿ ಇಗ್ನಿಷನ್ ಆಫ್ ಮಾಡಿ, ಐಡ್ಲಿಂಗ್‌ಗೆ ಬಿಡಬೇಡಿ. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ. ಒಣಗಿದ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಸರಿ. ಕಪ್ಪು ಮಸಿ ಇದ್ದರೆ ರಿಚ್. ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ನಾಲ್ಕರಲ್ಲಿ ಒಂದೇ ಪ್ಲಗ್ ಬೇರೆ ಬಣ್ಣ ಇದ್ದರೆ ಅದು ಕಾರ್ಬೊರೇಟರ್ ವಿಷಯವಲ್ಲ. ಆ ಸಿಲಿಂಡರಿನ ಪ್ಲಗ್, ವೈರ್, ವಾಲ್ವ್ ಅಥವಾ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಬೇಕು.

ಇನ್ನೂ ಸರಿಯಾಗದಿದ್ದರೆ

ಚೋಕ್ ಅರ್ಧ ಎಳೆದರೆ ಮಾತ್ರ ಓಡುತ್ತದೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಕಳ್ಳ ಗಾಳಿ ಬರುತ್ತಿದೆ. ಜಾರ್ ಪರೀಕ್ಷೆಗೆ ಹಿಂತಿರುಗಿ.

ಅರ್ಧ ಗಂಟೆ ಚೆನ್ನಾಗಿ ಓಡಿ ಆಫ್ ಆಗಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸ್ಟಾರ್ಟ್ ಆಗುವ ತೊಂದರೆ ತುಂಬ ಸಾಮಾನ್ಯ. ಆಫ್ ಆದ ಕೂಡಲೇ ಸ್ಪಾರ್ಕ್ ಇದೆಯಾ ನೋಡಿ. ಇಲ್ಲದಿದ್ದರೆ ಸ್ಪಾರ್ಕ್ ಹುಟ್ಟಿಸುವ ಕಾಯಿಲ್ ಬಿಸಿಗೆ ಕೈಕೊಡುತ್ತಿದೆ. ಸ್ಪಾರ್ಕ್ ಇದ್ದರೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಎಳೆದುಕೊಂಡ ಸದ್ದು ಬಂದರೆ ಕಾರಣ ಸಿಕ್ಕಿತು, ಮುಚ್ಚಳದ ಗಾಳಿಯ ತೂತು ಕಟ್ಟಿದೆ.

ಲೋಡ್ ಇಲ್ಲದಾಗ ಇಂಜಿನ್ ಏರಿಳಿಯುತ್ತಲೇ ಇದ್ದು, ಮೈನ್ ಸೂಜಿ ಹೊರಗೆ ಕೊಟ್ಟರೂ ನಿಲ್ಲದಿದ್ದರೆ ಗವರ್ನರ್ ರಾಡಿನ ಕೀಲುಗಳು ಸವೆದಿರುತ್ತವೆ ಅಥವಾ ಎಲ್ಲೋ ಹಿಡಿಯುತ್ತಿರುತ್ತವೆ.

ಎತ್ತರದ ಜಾಗದಲ್ಲಿ ಗಾಳಿ ತೆಳು. ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಎತ್ತರದ ಡೆನ್ವರ್‌ನಂಥ ಊರಿಗೆ ಟ್ರ್ಯಾಕ್ಟರ್ ಸಾಗಿಸಿದರೆ ಮೈನ್ ಸೂಜಿ ಸ್ವಲ್ಪ ಒಳಗೆ ಹೋಗಬೇಕಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಾಕುತ್ತಿದ್ದರೆ ಅದೇ ಅಳತೆಗೆ ಮಿಶ್ರಣ ತುಸು ಲೀನ್ ಆಗುತ್ತದೆ, ಆಗ ಸ್ವಲ್ಪ ಹೊರಗೆ. ಚಳಿಗಾಲದಲ್ಲೂ ಹಾಗೆಯೇ, 1/8 ಸುತ್ತು ಹೊರಗೆ ಕೊಟ್ಟರೆ ಇಂಜಿನ್ ಬೇಗ ಹಿಡಿಯುತ್ತದೆ.

ಎಲ್ಲ ಮುಗಿದ ಮೇಲೆ ಎರಡೂ ಸೂಜಿಗಳು ತಳದಿಂದ ಎಷ್ಟು ಸುತ್ತು ಹೊರಗಿವೆ ಅಂತ ಎಣಿಸಿ, ಅಷ್ಟನ್ನೇ ಮತ್ತೆ ತೆರೆದಿಟ್ಟು, ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ತಾರೀಖಿನ ಜೊತೆ ಬರೆದಿಡಿ. ಮೈನ್ ಸೂಜಿ ಎರಡೂವರೆ ಸುತ್ತಿಗಿಂತ ಜಾಸ್ತಿ ಹೊರಗೆ ಬೇಕಾಗಿದ್ದರೆ ಒಳಗೆ ಎಲ್ಲೋ ಕಟ್ಟಿದೆ. ಅರ್ಧ ಸುತ್ತಿಗಿಂತ ಕಡಿಮೆ ಸಾಕಾಗಿದ್ದರೆ ಫ್ಲೋಟ್ ಮಟ್ಟ ಮೇಲಿದೆ ಅಥವಾ ನಾಜಲ್ ಗ್ಯಾಸ್ಕೆಟ್ ಇಲ್ಲ. ಹತ್ತು ಗಂಟೆ ಕೆಲಸ ಮಾಡಿಸಿದ ಮೇಲೆ ಹೊಸ ಗ್ಯಾಸ್ಕೆಟ್‌ಗಳು ಕೂತಿರುತ್ತವೆ. ಆಗ ಕಾರ್ಬೊರೇಟರ್‌ನ ಸ್ಕ್ರೂಗಳನ್ನು, ಮ್ಯಾನಿಫೋಲ್ಡ್‌ಗೆ ಹಿಡಿದಿರುವ ಬೋಲ್ಟ್‌ಗಳನ್ನು ತಣ್ಣಗಿರುವಾಗ ಮತ್ತೊಮ್ಮೆ ಬಿಗಿ ಮಾಡಿ, ಐಡ್ಲಿಂಗ್ ಇನ್ನೊಂದು ಸಲ ನೋಡಿಕೊಳ್ಳಿ. ಮತ್ತೆ ಪ್ರತಿ ಸಲ ಗಾಡಿ ನಿಲ್ಲಿಸಿದಾಗ ಟ್ಯಾಂಕಿನ ವಾಲ್ವ್ ಮುಚ್ಚಿ.